ಕೋಲಟಕರ್: ಇಂಗ್ಲಿಷ್ ಓದಿದರೆ ಸಾಲದೆ?

‘ಅರುಣ್ ಕೋಲಟಕರ್ ಮರಾಠಿ, ಇಂಗ್ಲಿಷ್ ಎರಡರಲ್ಲೂ ಬರೆದ ಕವಿ. ನನಗೆ ಮರಾಠಿ ಅಲ್ಪಸ್ವಲ್ಪ ತಿಳಿಯುತ್ತದೆ. ಇಂಗ್ಲಿಷ್ ಪುಸ್ತಕಗಳನ್ನಷ್ಟೇ ಓದಿದರೆ ಸಾಲದೆ?’ ಎಂದು ಕೇಳಿದ್ದೀರಿ.

ಸಾಲದು. ಅರ್ಧ ಕೋಲಟಕರ್ ಕೈತಪ್ಪಿ ಹೋಗುತ್ತಾರೆ. ಅವರ ಇಂಗ್ಲಿಷ್ ಪುಸ್ತಕಗಳು ಮರಾಠಿಯವುಗಳ ನಕಲಲ್ಲ. ಕಾಮನ್‌ವೆಲ್ತ್ ಕಾವ್ಯ ಬಹುಮಾನ ಬಂದದ್ದು ಇಂಗ್ಲಿಷಿನ ‘ಜೇಜುರಿ’ಗೆ (ಪ್ರಕಟಣೆ 1976), ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂದದ್ದು ಮರಾಠಿಯ ‘ಭಿಜಕಿ ವಹಿ’ಗೆ (ಪ್ರಕಟಣೆ 2003). ಎರಡೂ ಬೇರೆಬೇರೆ ಪುಸ್ತಕ.

ಮರಾಠಿಯಲ್ಲಿ ಮೊದಲು ‘ತಕ್ತಾ’ ಓದಿ. ಶಾಲೆಯ ಗೋಡೆಯ ಮೇಲಿನ ಅಕ್ಷರಮಾಲೆ ಚಿತ್ರಪಟದ ಮೇಲೆ ಬರೆದ ಕವಿತೆ. ಅನನಸ, ಆಈ (ತಾಯಿ), ಇಜಾರ (ಪಾಯಿಜಾಮ), ಈಡಲಿಂಬೂ (ದೊಡ್ಡ ನಿಂಬೆ), ಉಖಳ (ಒರಳು), ಊಸ (ಕಬ್ಬು), ಏಡಕಾ (ಟಗರು): ಅ ಆ ಇ ಈ ಉ ಊ ಏ, ಒಂದೊಂದು ಚೌಕದಲ್ಲಿ ಒಂದೊಂದು ಚಿತ್ರ, ತಮ್ಮ ಪಾಡಿಗೆ ತಾವು. ತಾಯಿ ಮಗುವನ್ನು ಒರಳಲ್ಲಿ ಹಾಕಿ ಕುಟ್ಟುವುದಿಲ್ಲ, ಬ್ರಾಹ್ಮಣ ಬಾತುಕೋಳಿಗೆ ಬೆಳ್ಳುಳ್ಳಿ ಒಗ್ಗರಣೆ ಹಾಕುವುದಿಲ್ಲ ಎಂದು ಕವಿ ಧೈರ್ಯ ಹೇಳುತ್ತಾ ಹೋದಂತೆ ನಮಗೆ ಒಳಗೊಳಗೇ ಭಯ. ಇಂಗ್ಲಿಷಿಗೆ ಬಂದಾಗ ಚಿತ್ರಗಳು ಉಳಿಯುತ್ತವೆ, ಮರಾಠಿ ಅಕ್ಷರದ ಸರಣಿ ಕಡಿದುಹೋಗುತ್ತದೆ. ಕನ್ನಡಕ್ಕೆ ತಂದರೂ ಅದೇ ಪಾಡು: ಊಸ ಕಬ್ಬಾಗಿ ‘ಕ’ಕ್ಕೆ ಹಾರುತ್ತದೆ, ಉಖಳ ಒರಳಾಗಿ ‘ಒ’ಗೆ. (ಉತ್ತರ ಕರ್ನಾಟಕದವರಾದರೆ ಆಯಿ, ಇಜಾರ ಎರಡು ಚೌಕ ಉಳಿಸಿಕೊಳ್ಳಬಹುದು!) ಇದನ್ನು ಗಟ್ಟಿಯಾಗಿ ಓದಿ. ಕಣ್ಣಲ್ಲೇ ಓದಿದರೆ ಬರೀ ಪಟ್ಟಿಯಂತೆ ಕಾಣುತ್ತದೆ.

ಇಂಗ್ಲಿಷಿನಲ್ಲಿ ‘ಜೇಜುರಿ’ಯೇ ಮೊದಲು. ಪುಣೆ ಹತ್ತಿರದ ಖಂಡೋಬಾ ಕ್ಷೇತ್ರಕ್ಕೆ ಬಸ್ಸಿನಲ್ಲಿ ಹೋಗಿ ರೈಲ್ವೆ ಸ್ಟೇಷನ್ನಿನಲ್ಲಿ ಮುಗಿಯುವ 31 ಕವಿತೆಗಳು. ಖಂಡೋಬಾ ನಮಗೆ ಹೊರಗಿನವನಲ್ಲ, ನಮ್ಮ ಮೈಲಾರಲಿಂಗನೇ. ಅಲ್ಲಿ ಭಂಡಾರ (ಅರಿಶಿನಪುಡಿ) ಎರಚುತ್ತಾ ಕೂಗುವ ‘ಯೇಳಕೋಟ್’ ಕೇಳಿದರೆ ನಮ್ಮ ‘ಏಳುಕೋಟಿ’ ನೆನಪಾಗದೆ ಇರದು. ಇಲ್ಲಿ ಬಹಳ ಜನ ಎಡವುವುದು ಒಂದೇ ಕಡೆ: ಪುಸ್ತಕವನ್ನು ಭಕ್ತಿಯ ಗೇಲಿ ಎಂದು ಓದುತ್ತಾರೆ. ‘ಮನೋಹರ್’ ಎಂಬ ಪುಟ್ಟ ಕವಿತೆ ನೋಡಿ. ಬಾಗಿಲು ತೆರೆದಿದೆ, ಇನ್ನೊಂದು ಗುಡಿಯಿರಬೇಕೆಂದು ಮನೋಹರ್ ಇಣುಕುತ್ತಾನೆ. ಒಳಗಿಂದ ಕರುವೊಂದು ಕಣ್ಣರಳಿಸಿ ನೋಡುತ್ತದೆ. ಗುಡಿಯಲ್ಲ, ಬರೀ ಕೊಟ್ಟಿಗೆ ಎನ್ನುತ್ತಾನೆ. ನಗು ಯಾರ ಮೇಲೆ? ಗುಡಿಯ ಮೇಲೋ, ‘ಬರೀ’ ಎಂದವನ ಮೇಲೋ? ಕವಿ ಬಾಯಿ ಬಿಡುವುದಿಲ್ಲ. ಅವಸರದಲ್ಲಿ ಒಂದು ಪಕ್ಷ ಹಿಡಿದರೆ ಕವಿತೆ ಕೆಟ್ಟಿತು.

ಆಮೇಲೆ ‘ಕಾಲಾ ಘೋಡಾ ಪೊಯೆಮ್ಸ್’ (2004). ಮುಂಬಯಿಯ ಒಂದು ಟ್ರಾಫಿಕ್ ಐಲ್ಯಾಂಡು, ಅಲ್ಲಿನ ಬೀದಿನಾಯಿ, ಕಸ ಗುಡಿಸುವವರು, ಫುಟ್‌ಪಾತಿನವರಿಗೆ ಬರುವ ಇಡ್ಲಿ ಡಬ್ಬಿ.

ಮೂರನೆಯ ಭಾಷೆಯೂ ಒಂದಿದೆ, ಮುಂಬಯಿ ಬೀದಿಯ ಬಂಬೈಯಾ ಹಿಂದಿ. ಮ್ಯಾನೇಜರ್ ಹತ್ತಿರ ಪಗಾರ ಕೇಳುವ ಒಂದು ಕವಿತೆಯನ್ನು ಅವರೇ ಇಂಗ್ಲಿಷಿಗೆ ತಂದಾಗ ಅದು ಅಮೆರಿಕದ ಪೋಲಿಯೊಬ್ಬನ ಮಾತಿನಂತಾಯಿತು. ಶಬ್ದಕ್ಕೆ ಶಬ್ದ ಇಡುವ ಬದಲು ಪುಂಡನ ಜಾಗಕ್ಕೆ ಅಲ್ಲಿಯ ಪುಂಡನನ್ನೇ ತಂದರು. ಅನುವಾದ ಮಾಡುವವರು ಎರಡನ್ನೂ ಪಕ್ಕಪಕ್ಕ ಇಟ್ಟುಕೊಂಡು ನೋಡಬೇಕು.

ಜೊತೆಗೆ ಮರಾಠಿ ಸಂತಕವಿ ತುಕಾರಾಮನನ್ನು ದಿಲೀಪ್ ಚಿತ್ರೆ ಇಂಗ್ಲಿಷಿಗೆ ತಂದ ‘ಸೇಸ್ ತುಕಾ’ (1991) ಇರಲಿ. ತುಕಾರಾಮನನ್ನು ಕೋಲಟಕರ್ ಕೂಡ ಇಂಗ್ಲಿಷಿಗೆ ತಂದಿದ್ದಾರೆ. ಇಬ್ಬರ ಕಿವಿ ಬೇರೆ ಎಂಬುದು ಬೇಗ ಗೊತ್ತಾಗುತ್ತದೆ.

ಕೊಳ್ಳುವುದಾದರೆ ಇಂಗ್ಲಿಷಿಗೆ ಅರವಿಂದ ಕೃಷ್ಣ ಮೆಹ್ರೋತ್ರ ಸಂಪಾದಿಸಿದ ಸಮಗ್ರ ಸಂಪುಟ (2010) ಒಂದೇ ಸಾಕು. ಮರಾಠಿಗೆ ಪ್ರಾಸ್ ಪ್ರಕಾಶನದ್ದು ಎಂದು ಕೇಳಿ, ಮೊದಲು ‘ಅರುಣ್ ಕೋಲಟಕರಚ್ಯಾ ಕವಿತಾ’ (1977) ತೆಗೆದುಕೊಳ್ಳಿ. ಮರಾಠಿ ಅಲ್ಪಸ್ವಲ್ಪ ಇರುವಾಗ ‘ಭಿಜಕಿ ವಹಿ’ಗೆ ಕೈ ಹಾಕಬೇಡಿ.