ಓದುಗರ ಪ್ರಶ್ನೆ: ಕಿಸೆಯಲ್ಲಿಡುವ ಕ್ಯಾಮೆರಾ ಕೊಳ್ಳಬಹುದೇ?

ಪ್ರಶ್ನೆ: ಮಗಳ ಕಾಲೇಜು ಪ್ರವಾಸಕ್ಕೆಂದು ಹತ್ತು ಸಾವಿರ ರೂಪಾಯಿಯೊಳಗೆ ಒಂದು ಪುಟ್ಟ ಡಿಜಿಟಲ್ ಕ್ಯಾಮೆರಾ ಕೊಡಿಸುವ ಯೋಚನೆ ಇದೆ. ಮನೆಯಲ್ಲಿ ಒಳ್ಳೆಯ ಮೊಬೈಲೇ ಇದೆ. ಅದಕ್ಕಿಂತ ಹೆಚ್ಚಿನದೇನಾದರೂ ಕ್ಯಾಮೆರಾದಿಂದ ಸಿಗುತ್ತದೆಯೇ?
– ಓದುಗರೊಬ್ಬರು, ಕಾರವಾರ

ಉತ್ತರ: ಹಗಲಿನ ಬೆಳಕಿನಲ್ಲಿ ಸಿಗುತ್ತದೆ, ಸಂಜೆ ಆರೂವರೆಯ ಮೇಲೆ ಇಲ್ಲ. ಇಷ್ಟನ್ನು ಒಪ್ಪಿಕೊಂಡು ಕೊಂಡರೆ ಬೇಸರವಾಗುವುದಿಲ್ಲ.

ಮೊದಲ ಲಾಭ ಜೂಮ್. ಟಾಗೋರ್ ಕಡಲತೀರದಲ್ಲಿ ನಿಂತು ದೂರದ ದೋಣಿಯನ್ನು ಸಾದಾ ಮೊಬೈಲಿನಲ್ಲಿ ಹತ್ತಿರಕ್ಕೆ ಎಳೆದರೆ, ಅದು ಚಿತ್ರದ ನಡುವಿನ ತುಂಡನ್ನು ಕತ್ತರಿಸಿ ಹಿಗ್ಗಿಸುತ್ತದೆ ಅಷ್ಟೇ. ಬಲೆ, ಹಗ್ಗ, ದೋಣಿಯ ಮೇಲಿನ ಬರಹ ಎಲ್ಲ ಕಲಸಿಹೋಗುತ್ತದೆ. ಕ್ಯಾಮೆರಾದ ಆಪ್ಟಿಕಲ್ ಜೂಮ್‌ನಲ್ಲಿ ಮಸೂರಗಳೇ ಹಿಂದೆ ಮುಂದೆ ಸರಿಯುವುದರಿಂದ ಬೆಳಕನ್ನು ಚಿತ್ರವಾಗಿಸುವ ಸೆನ್ಸರ್ ಪೂರ್ತಿ ಬಳಕೆಯಾಗುತ್ತದೆ, ವಿವರ ಉಳಿಯುತ್ತದೆ. ತಂದ ದಿನವೇ ಮೆನುವಿಗೆ ಹೋಗಿ ಡಿಜಿಟಲ್ ಜೂಮ್ ಆಫ್ ಮಾಡಿ. ಇಲ್ಲದಿದ್ದರೆ ಕ್ಯಾಮೆರಾ ಕೂಡ ಮೊಬೈಲಿನ ಕತ್ತರಿಸುವ ಕೆಲಸವನ್ನೇ ಮುಂದುವರಿಸುತ್ತದೆ.

ಎರಡನೆಯದು ಫ್ಲಾಶ್. ನಮ್ಮ ಕಡಲು ಪಶ್ಚಿಮಕ್ಕಿದೆ. ಸಂಜೆ ಸಮುದ್ರಕ್ಕೆ ಬೆನ್ನು ಹಾಕಿ ನಿಲ್ಲಿಸಿದವರ ಮುಖ ಕಪ್ಪಾಗುವುದು ಖಂಡಿತ. ಆಗ ಫ್ಲಾಶನ್ನು ಆಟೋದಿಂದ ತೆಗೆದು ಬಲವಂತದ ಆನ್‌ಗೆ ಹಾಕಿ, ಜೂಮ್ ಮಾಡದೆ ಎರಡು ಮೀಟರ್ ಒಳಗೆ ನಿಂತು ತೆಗೆಯಿರಿ. ಆಕಾಶದ ಬಣ್ಣವೂ ಉಳಿಯುತ್ತದೆ, ಮುಖವೂ ಕಾಣುತ್ತದೆ. ಕ್ಯಾಮೆರಾದ ಕ್ಸೆನಾನ್ ಫ್ಲಾಶ್ ಕ್ಷಣಾರ್ಧದಲ್ಲಿ ಚೆಲ್ಲುವ ಬೆಳಕಿನ ಮುಂದೆ ಮೊಬೈಲಿನ ಎಲ್‌ಇಡಿ ತೀರಾ ಮಂಕು.

ಇನ್ನು ಕೊರತೆ. ಈ ಬೆಲೆಯ ಕ್ಯಾಮೆರಾಗಳ ಸೆನ್ಸರ್ ಸುಮಾರು 6.2 × 4.6 ಮಿಲಿಮೀಟರ್, ಕಿರುಬೆರಳಿನ ಉಗುರಿಗಿಂತಲೂ ಚಿಕ್ಕದು. ಮೊಬೈಲ್ ಒಂದೇ ಒತ್ತಿಗೆ ಹಲವು ಚಿತ್ರ ತೆಗೆದು ಬೆರೆಸಿ ಮೋಡವನ್ನೂ ನೆರಳನ್ನೂ ಸರಿದೂಗಿಸುತ್ತದೆ. ಈ ಕ್ಯಾಮೆರಾಗಳು ಸಾಮಾನ್ಯವಾಗಿ ತೆಗೆಯುವುದು ಒಂದೇ ಚಿತ್ರ. ಹಾಗಾಗಿ ಮರಳಿಗೆ ಬೆಳಕು ಸರಿಹೋದರೆ ಮೋಡ ಬರೀ ಬಿಳಿಯಾಗುತ್ತದೆ. ಎಕ್ಸ್‌ಪೋಷರ್ ಕಾಂಪೆನ್ಸೇಷನ್ನನ್ನು (ಚಿತ್ರದ ಬೆಳಕನ್ನು ಹೆಚ್ಚು ಕಡಿಮೆ ಮಾಡುವ ಸೆಟ್ಟಿಂಗ್) -0.3 ಅಥವಾ -0.7ಕ್ಕೆ ಇಳಿಸಿದರೆ ಮೋಡದ ಗೆರೆ ಮರಳಿ ಬರುತ್ತದೆ. ಮಧ್ಯಾಹ್ನದ ಬಿಸಿಲಿಗೆ ಪರದೆ ಕಾಣುವುದೇ ಇಲ್ಲ. ಕಣ್ಣಿಟ್ಟು ನೋಡುವ ವ್ಯೂಫೈಂಡರ್ ಈ ಬೆಲೆಗೆ ಸಿಗದು.

ಕೊಳ್ಳುವಾಗ ಮೆಗಾಪಿಕ್ಸೆಲ್ ಬಿಟ್ಟು ಆಪ್ಟಿಕಲ್ ಸ್ಟೆಬಿಲೈಸೇಷನ್ ಇದೆಯೇ ನೋಡಿ. ಹಳೆಯ ಮಾದರಿಗಳಾದ ಸೋನಿ ಡಬ್ಲ್ಯು 800, ಡಬ್ಲ್ಯು 830 ಎರಡರಲ್ಲೂ 20.1 ಮೆಗಾಪಿಕ್ಸೆಲ್ ಸೆನ್ಸರೇ. ಮೊದಲನೆಯದಕ್ಕೆ 5 ಪಟ್ಟು ಜೂಮ್, ಕೈನಡುಕ ತಡೆಯುವ ಆಪ್ಟಿಕಲ್ ವ್ಯವಸ್ಥೆ ಇಲ್ಲ. ಎರಡನೆಯದಕ್ಕೆ 8 ಪಟ್ಟು, ಆ ವ್ಯವಸ್ಥೆಯೂ ಇದೆ. ಕ್ಯಾನನ್ ಇಕ್ಸಸ್ 185 ಮತ್ತು 190ರ ನಡುವೆಯೂ ಕೈನಡುಕ ತಡೆಯುವ ಆ ವ್ಯವಸ್ಥೆಯದೇ ವ್ಯತ್ಯಾಸ. ಅಂಗಡಿಯಲ್ಲಿ ಎರಡೂ ಒಂದೇ ಥರ ಕಾಣುತ್ತವೆ, ಕೇಳದೆ ತರಬೇಡಿ.

ಪ್ರಶ್ನೆ: ರಾತ್ರಿ ಯಕ್ಷಗಾನದ ಫೋಟೋ ತೆಗೆದರೆ ವೇಷವೆಲ್ಲ ಅಲುಗಿದ ಹಾಗೆ ಬರುತ್ತದೆ. ಫ್ಲಾಶ್ ಹಾಕಿದರೆ ಇನ್ನೂ ಕತ್ತಲೆ. ಕ್ಯಾಮೆರಾ ಹಾಳಾಗಿದೆಯೇ?
– ಯಕ್ಷಗಾನ ಪ್ರೇಕ್ಷಕರು, ಶಿರಸಿ

ಉತ್ತರ: ಹಾಳಾಗಿಲ್ಲ. ನೀವು ಹಿಂದಿನ ಸಾಲಿನಲ್ಲಿ ಕುಳಿತು ಜೂಮ್ ಮಾಡುತ್ತಿರಬೇಕು, ತೊಂದರೆ ಅಲ್ಲಿದೆ.

ಡಬ್ಲ್ಯು 830ರ ಲೆಕ್ಕವನ್ನೇ ತೆಗೆದುಕೊಳ್ಳಿ. ಜೂಮ್ ಇಲ್ಲದಾಗ ಅದರ ಲೆನ್ಸ್ ಎಫ್ 3.3 (ಈ ಸಂಖ್ಯೆ ಏರಿದಷ್ಟೂ ಬೆಳಕು ಬರುವ ಕಿಂಡಿ ಕಿರಿದು), ಪೂರ್ತಿ ಜೂಮ್‌ನಲ್ಲಿ ಎಫ್ 6.3. ಅಂದರೆ ಒಳಗೆ ಬರುವ ಬೆಳಕು ಹೆಚ್ಚುಕಡಿಮೆ ಕಾಲುಭಾಗಕ್ಕೆ ಇಳಿಯಿತು. ಜೂಮ್ ಇಲ್ಲದೆ 1/50 ಸೆಕೆಂಡ್ ಸಾಲುತ್ತಿದ್ದ ರಂಗಸ್ಥಳದ ಬೆಳಕಿಗೆ ಈಗ 1/13 ಸೆಕೆಂಡ್ ಬೇಕು. ಅಷ್ಟು ಹೊತ್ತಿನಲ್ಲಿ ಗಿರಗಿರನೆ ಸುತ್ತಿ ಧೀಂಗಿಣ ಹಾಕುವ ವೇಷಧಾರಿ ಎಲ್ಲಿಂದೆಲ್ಲಿಗೋ ಹೋಗಿರುತ್ತಾರೆ. ಸ್ಟೆಬಿಲೈಸೇಷನ್ ತಡೆಯುವುದು ನಿಮ್ಮ ಕೈಯ ನಡುಕವನ್ನು, ಕಲಾವಿದರ ಚಲನೆಯನ್ನಲ್ಲ. ಫ್ಲಾಶ್ ಮೂರು ಮೀಟರ್ ಆಸುಪಾಸಿಗೇ ಮುಗಿಯುತ್ತದೆ. ಮುಂದೆ ಕುಳಿತವರ ತಲೆಗಳು ಬೆಳಗುತ್ತವೆ, ಕ್ಯಾಮೆರಾ ಆ ಬೆಳಕಿಗೇ ಹೊಂದಿಕೊಂಡು ವೇದಿಕೆಯನ್ನು ಕತ್ತಲು ಮಾಡುತ್ತದೆ. ಕಲಾವಿದರ ಕಣ್ಣಿಗೂ ಅದು ಹಿಂಸೆ, ಹಾಕಲೇಬೇಡಿ.

ಹೀಗೆ ಮಾಡಿ: ಪಕ್ಕದಿಂದ ವೇದಿಕೆಯ ಹತ್ತಿರ ಹೋಗಿ, ಜೂಮನ್ನು ಪೂರ್ತಿ ಹಿಂದಕ್ಕೆ ತನ್ನಿ. ಪ್ರೋಗ್ರಾಂ ಮೋಡ್‌ಗೆ ಹಾಕಿ ಐಎಸ್‌ಒ 800 ಇಡಿ (ಇದು ಬೆಳಕಿಗೆ ಸೆನ್ಸರ್ ತೋರುವ ಸೂಕ್ಷ್ಮತೆಯ ಅಳತೆ). 1600ಕ್ಕೆ ಏರಿಸಿದರೆ ಅಲುಗುವುದು ಕಡಿಮೆಯಾದರೂ ತಲೆಗೆ ಕಟ್ಟುವ ಕೇದಗೆ ಮುಂದಲೆಯ ಕುಸುರಿಯೆಲ್ಲ ಕಾಳುಕಾಳಾಗಿ ಮಸುಕುತ್ತದೆ. ಕ್ಯಾಮೆರಾವನ್ನು ಚಪ್ಪರದ ಕಂಬಕ್ಕೆ ಒತ್ತಿ ಹಿಡಿಯಿರಿ. ಬಟನ್ ಅರ್ಧ ಒತ್ತಿ ಫೋಕಸ್ ಹಿಡಿದಿಟ್ಟುಕೊಂಡು, ಕುಣಿತ ಮುಗಿಸಿ ವೇಷ ನಿಲ್ಲುವ ಕ್ಷಣಕ್ಕೆ ಪೂರ್ತಿ ಒತ್ತಿ. ಮಾತಿನಲ್ಲಿ ಅರ್ಥ ಹೇಳುವ ಹೊತ್ತು ಇದಕ್ಕೆ ಪ್ರಶಸ್ತ. ಪದ್ಯಕ್ಕೆ ಕುಣಿಯುವಾಗಿನ ಚಿತ್ರದ ಆಸೆ ಈ ಕ್ಯಾಮೆರಾದಲ್ಲಿ ಬಿಟ್ಟುಬಿಡುವುದು ಒಳ್ಳೆಯದು. ಹಿಂದೆ ಕೂತ ಭಾಗವತರ, ಮದ್ದಳೆಯವರ ಚಿತ್ರ ಮಾತ್ರ ಚೆನ್ನಾಗಿಯೇ ಬರುತ್ತದೆ. ಚಿತ್ರ ತೀರಾ ಹಳದಿ ಎನಿಸಿದರೆ ಬಣ್ಣ ಸರಿಪಡಿಸುವ ವೈಟ್ ಬ್ಯಾಲೆನ್ಸನ್ನು ಬಲ್ಬಿನ ಗುರುತಿಗೆ ಹಾಕಿ ನೋಡಿ.

ಪ್ರಶ್ನೆ: 20 ಮೆಗಾಪಿಕ್ಸೆಲ್ ಕ್ಯಾಮೆರಾ 12ರದ್ದಕ್ಕಿಂತ ಉತ್ತಮವೇ?
– ವಿದ್ಯಾರ್ಥಿ, ಸಿದ್ದಾಪುರ

ಉತ್ತರ: ಇಷ್ಟು ಚಿಕ್ಕ ಸೆನ್ಸರಿನಲ್ಲಿ ಅಲ್ಲ. 6 × 4 ಇಂಚಿನ ಪ್ರಿಂಟಿಗೆ 1800 × 1200 ಪಿಕ್ಸೆಲ್, ಅಂದರೆ ಎರಡು ಮೆಗಾಪಿಕ್ಸೆಲ್ ಚಿಲ್ಲರೆ ಸಾಕು. 12 × 8 ಇಂಚಿಗೂ ಒಂಬತ್ತರೊಳಗೇ ಆಗುತ್ತದೆ.

ಪ್ರಶ್ನೆ: ಗೋಕರ್ಣದ ಓಂ ಬೀಚಿಗೆ ಹೋಗಿ ಬಂದ ಮೇಲೆ ಕ್ಯಾಮೆರಾ ಆನ್ ಮಾಡಿದರೆ ಲೆನ್ಸ್ ಅರ್ಧ ಹೊರಬಂದು ಕರಕರ ಸದ್ದು ಮಾಡಿ ನಿಲ್ಲುತ್ತದೆ, ‘ಲೆನ್ಸ್ ಎರರ್’ ಎಂದು ತೋರಿಸುತ್ತದೆ. ಏನು ಮಾಡಲಿ?
– ಓದುಗರು, ಅಂಕೋಲಾ

ಉತ್ತರ: ಮತ್ತೆ ಮತ್ತೆ ಆನ್ ಮಾಡುವುದನ್ನು ಈಗಲೇ ನಿಲ್ಲಿಸಿ. ಲೆನ್ಸಿನ ಕೊಳವೆಗಳ ಸಂದಿಯಲ್ಲಿ ಮರಳಿನ ಕಣ ಸಿಕ್ಕಿಕೊಂಡಿದೆ. ಮೋಟರ್ ಒತ್ತಾಯಿಸಿದಷ್ಟೂ ಒಳಗಿನ ಪ್ಲಾಸ್ಟಿಕ್ ಗಿಯರಿನ ಹಲ್ಲು ಸವೆಯುತ್ತದೆ. ಹಲ್ಲು ಮುರಿದರೆ ಪೂರ್ತಿ ಲೆನ್ಸ್ ಜೋಡಣೆಯನ್ನೇ ಬದಲಿಸಬೇಕು, ಆ ಖರ್ಚಿಗೆ ಇನ್ನೊಂದು ಹಳೆಯ ಕ್ಯಾಮೆರಾ ಬಂದೀತು.

ಬ್ಯಾಟರಿ ತೆಗೆದು, ಲೆನ್ಸನ್ನು ಕೆಳಮುಖ ಹಿಡಿದು, ರಬ್ಬರ್ ಬ್ಲೋವರಿನಿಂದ ಸಂದಿಯ ಸುತ್ತ ಗಾಳಿ ಹಾಕಿ. ಬಾಯಿಂದ ಊದಬೇಡಿ, ಎಂಜಲು ಹೋಗಿ ಮರಳು ಅಂಟಿಕೊಳ್ಳುತ್ತದೆ. ಪಂಕ್ಚರ್ ಅಂಗಡಿಯ ಕಂಪ್ರೆಸರ್ ಗಾಳಿ ಮರಳನ್ನು ಇನ್ನೂ ಒಳಕ್ಕೆ ತಳ್ಳುತ್ತದೆ. ಆಮೇಲೆ ತೆಳು ಕಾಗದದ ಅಂಚನ್ನು ಸಂದಿಯಲ್ಲಿಟ್ಟು ನಿಧಾನ ಸುತ್ತು ಹಾಕಿಸಿ, ಮತ್ತೆ ಬ್ಲೋವರ್. ಪೂರ್ತಿ ಚಾರ್ಜ್ ಆದ ಬ್ಯಾಟರಿ ಹಾಕಿ ಒಂದು ಸಲ ಮಾತ್ರ ಆನ್ ಮಾಡಿ (ಚಾರ್ಜ್ ಕಡಿಮೆ ಇದ್ದರೂ ಇದೇ ಸಂದೇಶ ಬರುವುದುಂಟು). ಎಣ್ಣೆಯನ್ನಂತೂ ಮುಟ್ಟಿಸಲೇಬೇಡಿ, ಅದು ಗಾಜಿನ ಮೇಲೆ ಹರಡುತ್ತದೆ. ಕೆಳಗೆ ಬಿದ್ದು ಕೊಳವೆ ಓರೆಯಾಗಿದ್ದರೆ ಈ ಉಪಾಯ ಫಲಿಸದು.

ಪ್ರಶ್ನೆ: ಮಳೆಗಾಲ ಮುಗಿದ ಮೇಲೆ ತೆಗೆದು ನೋಡಿದರೆ ಲೆನ್ಸಿನೊಳಗೆ ಜೇಡರ ಬಲೆಯಂಥದ್ದು ಕಾಣಿಸುತ್ತಿದೆ.
– ಗೃಹಿಣಿ, ಹೊನ್ನಾವರ

ಉತ್ತರ: ಅದು ಬೂಷ್ಟು. ಒಳಗಿನ ಮಸೂರದ ಮೇಲಿರುವುದರಿಂದ ಹೊರಗಿನಿಂದ ಒರೆಸಿ ತೆಗೆಯಲಾಗದು. ಸಣ್ಣದಿದ್ದರೆ ಚಿತ್ರದಲ್ಲಿ ಅಷ್ಟಾಗಿ ಗೊತ್ತಾಗುವುದಿಲ್ಲ, ಸೂರ್ಯನಿಗೆ ಎದುರಾಗಿ ತೆಗೆದಾಗ ಮಾತ್ರ ಮಂಜು ಕವಿದಂತೆ ಕಾಣುತ್ತದೆ. ಬಿಚ್ಚಿಸದೆ ಬಳಸುತ್ತಿರಿ, ಆದರೆ ಬೆಳೆಯಲು ಬಿಡಬೇಡಿ.

ಕ್ಯಾಮೆರಾದ ಬಟ್ಟೆ ಚೀಲ, ಚರ್ಮದ ಚೀಲ ಎರಡೂ ತೇವ ಹೀರಿಟ್ಟುಕೊಳ್ಳುತ್ತವೆ. ಜೂನ್ ಬರುವಷ್ಟರಲ್ಲಿ ಅವನ್ನು ಬಿಟ್ಟು, ರಬ್ಬರ್ ಅಂಚಿನ ಬಿಗಿ ಮುಚ್ಚಳದ ಪ್ಲಾಸ್ಟಿಕ್ ಡಬ್ಬಿ ತೆಗೆದುಕೊಳ್ಳಿ. ಎರಡು ಲೀಟರಿನ ಡಬ್ಬಿಗೆ 50 ಗ್ರಾಂ ಸಿಲಿಕಾ ಜೆಲ್ ಸಾಕು. ಬಣ್ಣ ಬದಲಾಯಿಸುವ ಬಗೆಯದನ್ನೇ ಕೇಳಿ: ಕಿತ್ತಳೆ ಬಣ್ಣ ಹಸಿರಾದರೆ ತೇವ ಕುಡಿದಿದೆ ಎಂದರ್ಥ. ಸಣ್ಣ ಉರಿಯಲ್ಲಿ ಹುರಿದರೆ ಮತ್ತೆ ಮೊದಲಿನ ಬಣ್ಣಕ್ಕೆ ಬರುತ್ತದೆ, ಇದಕ್ಕೆ ಅಡುಗೆಯ ಬಾಣಲೆ ಮಾತ್ರ ಬೇಡ. ಅಕ್ಕಿಯೊಳಗೆ ಹುಗಿದಿಡಬೇಡಿ, ಅದರ ಹಿಟ್ಟು ಲೆನ್ಸಿನ ಸಂದಿಗೆ ಸೇರುತ್ತದೆ. ವಾರಕ್ಕೊಮ್ಮೆ ಹೊರತೆಗೆದು ಜೂಮ್ ಹಿಂದೆ ಮುಂದೆ ಆಡಿಸಿ, ನಾಲ್ಕು ಚಿತ್ರ ತೆಗೆದಿಡಿ. ಬ್ಯಾಟರಿಯನ್ನು ಅರ್ಧ ಚಾರ್ಜ್‌ನಲ್ಲಿ ಹೊರಗೆ ಬೇರೆಯೇ ಇಡಿ.

ಪ್ರಶ್ನೆ: ಸುಮಾರು 2005ರ ಹಳೆಯ ಕ್ಯಾಮೆರಾ ಕೊಂಡೆ. 32 ಜಿಬಿ ಕಾರ್ಡ್ ಹಾಕಿದರೆ ಒಪ್ಪುತ್ತಿಲ್ಲ.
– ಯುವ ಓದುಗ, ಕುಮಟಾ

ಉತ್ತರ: ಆ ಕಾಲದ ಬಹುಪಾಲು ಕ್ಯಾಮೆರಾಗಳಿಗೆ ಗೊತ್ತಿರುವುದು 2 ಜಿಬಿವರೆಗಿನ ಸಾದಾ ಎಸ್‌ಡಿ ಕಾರ್ಡ್. 4ರಿಂದ 32 ಜಿಬಿವರೆಗಿನದು ಎಸ್‌ಡಿಎಚ್‌ಸಿ, ಅದರ ಮೇಲಿನದು ಎಸ್‌ಡಿಎಕ್ಸ್‌ಸಿ. ಆಕಾರ ಒಂದೇ ಆದರೂ ಹಳೆಯ ಕ್ಯಾಮೆರಾ ಇವನ್ನು ಓದದು. 2 ಜಿಬಿ ಕಾರ್ಡ್ ಹುಡುಕಿ ತಂದು, ಕಂಪ್ಯೂಟರಿನಲ್ಲಲ್ಲ, ಕ್ಯಾಮೆರಾದ ಮೆನುವಿನಲ್ಲೇ ಫಾರ್ಮ್ಯಾಟ್ ಮಾಡಿ. ಕಾರ್ಡಿನ ಪಕ್ಕದ ಲಾಕ್ ಗುಂಡಿ ಕೆಳಗಿಳಿದಿದ್ದರೆ ಮೇಲಕ್ಕೆ ಸರಿಸಿ. ನಿಮ್ಮ ಗೆಳೆಯರೂ ಹಳೆಯದನ್ನು ಕೊಳ್ಳುವವರಿದ್ದರೆ, ಎಕ್ಸ್‌ಡಿ ಕಾರ್ಡ್ ಕೇಳುವ ಒಲಿಂಪಸ್, ಫ್ಯೂಜಿ ಮಾದರಿಗಳಿಂದ ದೂರ ಇರಲು ಹೇಳಿ, ಆ ಕಾರ್ಡಿನ ತಯಾರಿಕೆ ನಿಂತುಹೋಗಿದೆ. ಹಣ ಕೊಡುವ ಮೊದಲು ಪೂರ್ತಿ ಜೂಮ್‌ನಲ್ಲಿ ಬಿಳಿ ಗೋಡೆಯ ಒಂದು ಚಿತ್ರ ತೆಗೆದು ಹಿಗ್ಗಿಸಿ ನೋಡಲಿ. ಬೂದು ಚುಕ್ಕೆಗಳಿದ್ದರೆ ಸೆನ್ಸರಿನ ಮೇಲೆ ಧೂಳು ಕೂತಿದೆ. ಬ್ಯಾಟರಿಯನ್ನು ಮೇಜಿನ ಮೇಲಿಟ್ಟು ತಿರುಗಿಸಿದಾಗ ಬುಗುರಿಯಂತೆ ತಿರುಗಿದರೆ ಅದು ಊದಿಕೊಂಡಿದೆ, ಚಾರ್ಜಿಗೆ ಹಾಕಲೇಬಾರದು.