ಒಂದೇ ಗಿಡದ ಪುಸ್ತಕ: ಮೊದಲು ಯಾವ ಪುಟ ತೆರೆಯಬೇಕು?

ಪ್ರಶ್ನೆ: ಸಾಮಾನ್ಯ ಕೈತೋಟದ ಪುಸ್ತಕ ನೋಡಿಕೊಂಡು ಆರ್ಕಿಡ್ ಬೆಳೆಸಿದೆ. ಎರಡು ಗಿಡಗಳು ಬೇರು ಕೊಳೆತು ಸತ್ತವು. ಈಗ ಆರ್ಕಿಡ್‌ಗೆಂದೇ ಬರೆದ ಪುಸ್ತಕ ಕೊಳ್ಳಬೇಕೆಂದಿದ್ದೇನೆ. ನೋಡಿದರೆ ಎಲ್ಲವೂ ಒಂದಕ್ಕಿಂತ ಒಂದು ಚೆಂದ. ಹೇಗೆ ಆರಿಸಲಿ?

ಉತ್ತರ: ಹೂವಿನ ಚಿತ್ರಗಳನ್ನು ಆಮೇಲೆ ನೋಡಿದರಾಯಿತು. ಮೊದಲು ಬೇರಿನ ವಿಷಯ ಇರುವ ಪುಟ ತೆರೆಯಿರಿ. ನಿಮ್ಮ ಹಾಗೆ ಒಂದೆರಡು ಗಿಡ ಕಳೆದುಕೊಂಡ ಲೇಖಕರು ಅಲ್ಲಿ ಪುಟಗಟ್ಟಲೆ ಬರೆದಿರುತ್ತಾರೆ. ಉಳಿದವರು ‘ವಾರಕ್ಕೆರಡು ಸಲ ನೀರು’ ಎಂದು ಒಂದೇ ಸಾಲಿನಲ್ಲಿ ಮುಗಿಸುತ್ತಾರೆ.

ಮನೆಗಳಲ್ಲಿ ಹೆಚ್ಚಾಗಿ ಬೆಳೆಸುವ ಫೆಲನಾಪ್ಸಿಸ್ ಆರ್ಕಿಡ್‌ನ ಬೇರನ್ನೇ ಹತ್ತಿರದಿಂದ ನೋಡಿ. ಅದರ ಮೇಲೆ ಸ್ಪಂಜಿನಂಥ ಹೊದಿಕೆಯಿದೆ, ವೆಲಮೆನ್ ಎನ್ನುತ್ತಾರೆ. ಒಣಗಿದಾಗ ಅದು ಬೆಳ್ಳಿಯ ಬಣ್ಣಕ್ಕೆ ತಿರುಗುತ್ತದೆ. ನೀರು ಸೋಕಿದೊಡನೆ ಹೊದಿಕೆ ತಿಳಿಯಾಗಿ ಒಳಗಿನ ಹಸಿರು ಎದ್ದು ಕಾಣುತ್ತದೆ. ಮರದ ತೊಗಟೆಗೆ ಅಂಟಿಕೊಂಡು, ಮಳೆಯಲ್ಲಿ ನೆನೆದು ಗಾಳಿಯಲ್ಲಿ ಆರುವ ಬೇರು ಅದು. ಸದಾ ಒದ್ದೆಯಾಗಿರುವ ಕುಂಡದಲ್ಲಿ ಅದಕ್ಕೆ ಉಸಿರಾಡಲಾಗುವುದಿಲ್ಲ. ‘ಬೇರು ಬೆಳ್ಳಗಾಗುವವರೆಗೆ ಕಾಯಿರಿ’ ಎಂದು ಹೇಳುವ ಪುಸ್ತಕ ಸಿಕ್ಕರೆ ಬಿಡಬೇಡಿ.

ಎರಡನೆಯದಾಗಿ, ಗಿಡದ ತವರಿನ ಬಗ್ಗೆ ಅಧ್ಯಾಯ ಇದೆಯೇ ನೋಡಿ. 19ನೇ ಶತಮಾನದ ಮೊದಲ ಭಾಗದಲ್ಲಿ ಇಂಗ್ಲೆಂಡಿಗೆ ಹಡಗುಗಳಲ್ಲಿ ಬಂದ ಆರ್ಕಿಡ್‌ಗಳು ರಾಶಿರಾಶಿಯಾಗಿ ಸತ್ತವು. ಉಷ್ಣವಲಯದಿಂದ ಬಂದವಕ್ಕೆಲ್ಲ ಉಗಿ ತುಂಬಿದ ಬಿಸಿ ಮನೆಯೇ ಬೇಕೆಂದು ನಂಬಿದ್ದರು. ಅವುಗಳಲ್ಲಿ ಎಷ್ಟೋ ಗಿಡಗಳು ತಂಪಾದ ಬೆಟ್ಟದ ನೆತ್ತಿಯವು. ಇಂಗ್ಲೆಂಡಿನ ಚಾಟ್ಸ್‌ವರ್ತ್ ಬಂಗಲೆಯ ತೋಟಗಾರರಾಗಿದ್ದ ಜೋಸೆಫ್ ಪ್ಯಾಕ್ಸ್‌ಟನ್ ಗಾಳಿಗೆ ದಾರಿ ಬಿಟ್ಟು, ಬಿಸಿ ತಗ್ಗಿಸಿ ನೋಡಿದ ಮೇಲೆ ಗಿಡಗಳು ಉಳಿದವು. ಎಷ್ಟು ಎತ್ತರದ ಕಾಡು, ಎಂಥ ರಾತ್ರಿ, ಯಾವ ತಿಂಗಳು ಒಣಹವೆ ಎಂಬುದನ್ನು ತಿಳಿಸುವ ಪುಸ್ತಕ ಓದಿದರೆ ನೀರಿನ ಲೆಕ್ಕ ನಿಮಗೇ ಹೊಳೆಯುತ್ತದೆ.

ಪ್ರಶ್ನೆ: ಬೆಳೆಸುವ ವಿಧಾನವೇ ಇಲ್ಲದ, ಗಿಡದ ಬಗ್ಗೆ ಸುಮ್ಮನೆ ಬರೆದ ಪುಸ್ತಕಗಳಿಂದ ಏನಾದರೂ ಪ್ರಯೋಜನವಿದೆಯೇ?

ಉತ್ತರ: ಖಂಡಿತ ಇದೆ. ನನಗಂತೂ ಅವೇ ಹೆಚ್ಚು ಪ್ರೀತಿಯವು. ಚಾರ್ಲ್ಸ್ ಡಾರ್ವಿನ್ 1862ರಲ್ಲಿ ಆರ್ಕಿಡ್‌ಗಳ ಪರಾಗಸ್ಪರ್ಶದ ಬಗ್ಗೆಯೇ ಒಂದು ಪುಸ್ತಕ ಪ್ರಕಟಿಸಿದರು. ಮಡಗಾಸ್ಕರ್‌ನ ಬಿಳಿ ಆರ್ಕಿಡ್ ಒಂದರ ಮಕರಂದದ ಕೊಳವೆ ಸುಮಾರು 30 ಸೆಂಟಿಮೀಟರ್ ಉದ್ದ. ಮಕರಂದ ಇರುವುದು ಅದರ ತಳದಲ್ಲಿ. ಅಷ್ಟುದ್ದದ ನಾಲಿಗೆಯ ಪತಂಗ ಇರಲೇಬೇಕು ಎಂದು ಅವರು ಬರೆದರು. ಅಂಥ ಪತಂಗವನ್ನು ವಿಜ್ಞಾನಿಗಳು ವಿವರಿಸಿದ್ದು 1903ರಲ್ಲಿ, ಡಾರ್ವಿನ್ ತೀರಿಕೊಂಡು 21 ವರ್ಷಗಳ ನಂತರ. ಇದನ್ನು ಓದಿದವರು ಮನೆಯ ಹೂವಿನ ಮುಂದೆ ಮೊದಲಿಗಿಂತ ಹೆಚ್ಚು ಹೊತ್ತು ನಿಲ್ಲುತ್ತಾರೆ. ಹಾಗೆ ನಿಂತವರ ಕಣ್ಣಿಗೇ ಎಲೆಯಡಿಯ ಹಿಟ್ಟು ತಿಗಣೆಯೂ ಬೇಗ ಬೀಳುತ್ತದೆ.

ಪ್ರಶ್ನೆ: ಗುಲಾಬಿಯ ಪುಸ್ತಕವೊಂದು ಮಾರ್ಚ್‌ನಲ್ಲಿ ಸವರಿ ಎನ್ನುತ್ತದೆ, ಇನ್ನೊಂದು ಬೇರೆ ತಿಂಗಳು ಹೇಳುತ್ತದೆ. ಯಾವುದನ್ನು ನಂಬಲಿ?

ಉತ್ತರ: ತಿಂಗಳ ಹೆಸರು ಲೇಖಕರ ಊರಿನ ಹವೆಗೆ ಸೇರಿದ್ದು, ಗಿಡದ ಸೂಚನೆ ಎಲ್ಲ ಕಡೆಗೂ ಸಲ್ಲುತ್ತದೆ. ಚಳಿ ನಾಡುಗಳಲ್ಲಿ ಸವರುವ ಹೊತ್ತೆಂದರೆ ಕಡ್ಡಿಯ ಮೇಲಿನ ಕಣ್ಣುಗಳು ಕೆಂಪೇರಿ ಉಬ್ಬತೊಡಗುವ ಸಮಯ. ಹೊರಮುಖವಾಗಿರುವ ಕಣ್ಣಿನ ಸ್ವಲ್ಪ ಮೇಲೆ ಓರೆಯಾಗಿ ಕತ್ತರಿಸಬೇಕು. ಆದರೆ ವರ್ಷಕ್ಕೊಮ್ಮೆ ಮಾತ್ರ ಹೂಬಿಡುವ ಹಳೆಯ ಗುಲಾಬಿಗಳು ಹಿಂದಿನ ವರ್ಷದ ಕಡ್ಡಿಯಲ್ಲಿ ಹೂಬಿಡುತ್ತವೆ. ಅವನ್ನು ಹೂ ಮುಗಿದ ಮೇಲೆಯೇ ಸವರಬೇಕು, ಇಲ್ಲವಾದರೆ ಆ ವರ್ಷದ ಹೂವನ್ನೇ ಕತ್ತರಿಸಿ ಹಾಕಿದಂತಾಗುತ್ತದೆ. ಈ ಎರಡು ಬಗೆಗಳನ್ನು ಬೇರ್ಪಡಿಸದ ಗುಲಾಬಿ ಪುಸ್ತಕವನ್ನು ನಾನು ಯಾರಿಗೂ ಹೇಳುವುದಿಲ್ಲ. ನಿಮ್ಮ ಬಳಿ ಇರುವ ಎರಡರಲ್ಲಿ ಈ ವಿವರ ಇರುವುದನ್ನು ಇಟ್ಟುಕೊಳ್ಳಿ. ಮುದ್ರಿಸಿದ ತಿಂಗಳಿನ ಪಕ್ಕದಲ್ಲೇ, ನಿಮ್ಮ ಗಿಡದ ಕಣ್ಣು ಉಬ್ಬಿದ ದಿನಾಂಕವನ್ನು ಪೆನ್ಸಿಲ್‌ನಿಂದ ಬರೆದಿಡಿ.