ಆಫ್ರಿಕಾದ ಅಂತರ್ಯುದ್ಧಗಳಿಗೆ ಕಾರಣ ಬುಡಕಟ್ಟು ಜಗಳವಾ, ವಜ್ರವಾ?

ಆಫ್ರಿಕಾದಲ್ಲಿ ಇಷ್ಟೊಂದು ಅಂತರ್ಯುದ್ಧ ಆಗೋದು ಬುಡಕಟ್ಟುಗಳ ಹಳೇ ದ್ವೇಷದಿಂದಲಾ, ವಜ್ರ-ಚಿನ್ನದ ಆಸೆಯಿಂದಲಾ ಅಂತ ಕೇಳಿದ್ದೀರಿ. 54 ದೇಶಗಳಿಗೆ ಸೇರಿಸಿ ಒಂದೇ ಉತ್ತರ ಕೊಡೋಕೆ ಆಗಲ್ಲ. ನಾನು ಜಾಸ್ತಿ ಓದಿಕೊಂಡಿರುವುದು ಪಶ್ಚಿಮ ಆಫ್ರಿಕಾದ ಪುಟ್ಟ ದೇಶ ಸಿಯೆರಾ ಲಿಯೋನ್ ಬಗ್ಗೆ, ಅದನ್ನೇ ಹೇಳುತ್ತೇನೆ. ಅಲ್ಲಿ ಈ ಎರಡೂ ಮೂಲ ಕಾರಣ ಆಗಿರಲಿಲ್ಲ.

1961ರಲ್ಲಿ ಆ ದೇಶಕ್ಕೆ ಬ್ರಿಟಿಷರಿಂದ ಸ್ವಾತಂತ್ರ್ಯ ಸಿಕ್ಕಿತು. 1968ರಿಂದ 1985ರವರೆಗೆ ಸಿಯಾಕಾ ಸ್ಟೀವನ್ಸ್ ಆಳಿದ. 1978ರಲ್ಲಿ ತನ್ನದೊಂದು ಪಕ್ಷ ಬಿಟ್ಟು ಉಳಿದದ್ದನ್ನೆಲ್ಲ ಮುಚ್ಚಿಸಿದ. ವಜ್ರದ ದುಡ್ಡು ಅವನ ಕಡೆಯವರ ಜೇಬಿಗೆ ಹೋಯಿತು. ರಾಜಧಾನಿ ಫ್ರೀಟೌನ್‌ನಿಂದ ಒಳನಾಡಿಗೆ ಹೋಗುತ್ತಿದ್ದ ರೈಲು ನಿಂತದ್ದೂ ಅವನ ಕಾಲದಲ್ಲೇ. ಆಮೇಲೆ ಬಂದ ಜೋಸೆಫ್ ಮೊಮೊ ಕಾಲಕ್ಕೆ ಮೇಷ್ಟ್ರುಗಳಿಗೆ ಸಂಬಳ ಕೊಡೋಕೂ ದುಡ್ಡಿಲ್ಲ. ಹಳ್ಳಿಗಳಲ್ಲಿ ಜಮೀನು ಯಾರಿಗೆ, ದಂಡ ಎಷ್ಟು, ಬಿಟ್ಟಿ ಕೆಲಸಕ್ಕೆ ಯಾರು ಬರಬೇಕು ಅನ್ನೋದೆಲ್ಲ ಅಲ್ಲಿನ ಮುಖಂಡರು ಹೇಳಿದಂತೆ. ಓದು, ಕೆಲಸ, ಜಮೀನು ಯಾವುದೂ ಇಲ್ಲದ ಹುಡುಗರು ಊರೂರಲ್ಲೂ ಇದ್ದರು.

1991ರ ಮಾರ್ಚ್‌ನಲ್ಲಿ ಸೇನೆಯ ಮಾಜಿ ಕಾರ್ಪೊರಲ್ ಫೋಡೆ ಸಾಂಕೋ, ಪಕ್ಕದ ಲೈಬೀರಿಯಾದ ಬಂಡುಕೋರ ನಾಯಕ ಚಾರ್ಲ್ಸ್ ಟೇಲರ್ ಬೆಂಬಲದಿಂದ ಗಡಿ ದಾಟಿ ಬಂದ. ಅವನ ಆರ್‌ಯುಎಫ್ (ರೆವಲ್ಯೂಷನರಿ ಯುನೈಟೆಡ್ ಫ್ರಂಟ್) ಅನ್ನೋ ಬಂಡುಕೋರ ಪಡೆಯಲ್ಲಿ ಮೆಂಡೆ, ತೆಮ್ನೆ ಎಲ್ಲ ಜನಾಂಗದವರೂ ಇದ್ದರು. ಹಾಗಿದ್ದ ಮೇಲೆ ಬುಡಕಟ್ಟು ಜಗಳ ಅನ್ನೋದು ಹೇಗೆ? ಆದರೆ ಎಷ್ಟೋ ಜನ ಇಷ್ಟಪಟ್ಟು ಸೇರಿದವರಲ್ಲ. ಮಕ್ಕಳನ್ನೂ ಹಿಡಿದುಕೊಂಡು ಹೋಗಿ ಕೈಗೆ ಬಂದೂಕು ಕೊಟ್ಟರು.

ಇನ್ನು ವಜ್ರ. ವಜ್ರ ಇರುವ ಕಡೆಯೆಲ್ಲ ಯುದ್ಧ ಆಗೋದಾದರೆ ಬೋಟ್ಸ್ವಾನ ಯಾವತ್ತೋ ಸುಟ್ಟು ಹೋಗಬೇಕಿತ್ತು, ಅಲ್ವಾ? ಅಲ್ಲಿ ಆಳದ ಗಣಿ, ದೊಡ್ಡ ಯಂತ್ರ, ಕಂಪನಿ ಜೊತೆ ಸರ್ಕಾರದ ಪಾಲುದಾರಿಕೆ. ಸಿಯೆರಾ ಲಿಯೋನ್‌ನ ಕೋನೋ ಜಿಲ್ಲೆಯಲ್ಲಿ ಹೊಳೆಯ ಮಣ್ಣಲ್ಲೇ ವಜ್ರ ಸಿಗುತ್ತದೆ, ಒಂದು ಸಲಿಕೆ, ಒಂದು ಜರಡಿ ಇದ್ದರೆ ಸಾಕು, ಹಾಗಾಗಿ ಬಂದೂಕು ಹಿಡಿದು ಹೊಳೆದಂಡೆಯಲ್ಲಿ ನಿಂತವನೇ ಯಜಮಾನ. ವಜ್ರ ಲೈಬೀರಿಯಾಕ್ಕೆ ಹೋಗುತ್ತಿತ್ತು, ಅಲ್ಲಿಂದ ಆಯುಧ ಬರುತ್ತಿತ್ತು. ಸರ್ಕಾರಿ ಸೈನಿಕರಲ್ಲೂ ಕೆಲವರು ರಾತ್ರಿಯಾದರೆ ಬಂಡುಕೋರರಂತೆ ಲೂಟಿಗಿಳಿದರು. ಯುದ್ಧ 11 ವರ್ಷ ಎಳೆದದ್ದು ಈ ದುಡ್ಡಿಂದ. ಅಲ್ಲಿನ ಸತ್ಯ ಮತ್ತು ಸಂಧಾನ ಆಯೋಗ 2004ರಲ್ಲಿ ಕೊಟ್ಟ ವರದಿಯೂ ಹೆಚ್ಚುಕಡಿಮೆ ಹೀಗೇ ಹೇಳುತ್ತದೆ: ಕಾರಣ ಕೆಟ್ಟ ಆಡಳಿತ ಮತ್ತು ಭ್ರಷ್ಟಾಚಾರ, ವಜ್ರ ಅದಕ್ಕೆ ಸುರಿದ ಎಣ್ಣೆ.

ಪರಿಣಾಮ? ಸುಮಾರು 50 ಸಾವಿರ ಸಾವು. ಸುಮಾರು 20 ಲಕ್ಷ ಜನ ಮನೆ ಬಿಟ್ಟರು. 1996ರ ಚುನಾವಣೆ ಹೊತ್ತಿಗೆ, ಮತ ಹಾಕಬಾರದು ಅಂತ ಜನರ ಕೈಗಳನ್ನೇ ಕಡಿದರು.

ನನಗೆ ಜಾಸ್ತಿ ಸಿಟ್ಟು ಬರೋದು ಸರ್ಕಾರ ಮತ್ತು ಆರ್‌ಯುಎಫ್ ನಡುವೆ 1999ರಲ್ಲಿ ಆದ ಲೋಮೆ ಶಾಂತಿ ಒಪ್ಪಂದದ ಮೇಲೆ. ಸಾಂಕೋಗೆ ಕ್ಷಮಾದಾನ ಕೊಟ್ಟು, ಉಪಾಧ್ಯಕ್ಷನ ಸ್ಥಾನಮಾನ ಕೊಟ್ಟು, ಖನಿಜ ಆಯೋಗಕ್ಕೇ ಅಧ್ಯಕ್ಷನನ್ನಾಗಿ ಮಾಡಿದರು! ಮುಂದಿನ ಮೇನಲ್ಲೇ ಅವನ ಪಡೆ ವಿಶ್ವಸಂಸ್ಥೆಯ ನೂರಾರು ಶಾಂತಿಪಾಲಕರನ್ನು ಒತ್ತೆ ಇಟ್ಟುಕೊಂಡಿತು. ಕೈಲಾಹುನ್ ಅನ್ನೋ ಊರಲ್ಲಿ ಶಾಂತಿಪಾಲನೆಗೆ ಹೋಗಿದ್ದ ನಮ್ಮ ಭಾರತೀಯ ಸೇನೆಯ ಗೂರ್ಖಾ ರೈಫಲ್ಸ್‌ನ 200ಕ್ಕೂ ಹೆಚ್ಚು ಸೈನಿಕರು ಸುತ್ತುವರಿದು ಸಿಕ್ಕಿಬಿದ್ದಿದ್ದರು. ಜುಲೈನಲ್ಲಿ 'ಆಪರೇಷನ್ ಖುಕ್ರಿ' ನಡೆಸಿ ಬಿಡಿಸಿಕೊಂಡರು.

ಯುದ್ಧ ಮುಗಿದದ್ದು 2002ರ ಜನವರಿಯಲ್ಲಿ. 70 ಸಾವಿರಕ್ಕೂ ಹೆಚ್ಚು ಜನ ಆಯುಧ ಒಪ್ಪಿಸಿದರು. ಸಾಂಕೋ ವಿಚಾರಣೆ ಮುಗಿಯುವ ಮೊದಲೇ 2003ರಲ್ಲಿ ಸತ್ತ, ಟೇಲರ್‌ಗೆ 2012ರಲ್ಲಿ 50 ವರ್ಷ ಜೈಲು ಆಯಿತು. 2007ರ ಚುನಾವಣೆಯಲ್ಲಿ ಆಡಳಿತ ಪಕ್ಷ ಸೋತು ವಿರೋಧ ಪಕ್ಷಕ್ಕೆ ಅಧಿಕಾರ ಬಿಟ್ಟುಕೊಟ್ಟಿತು. ಗೆದ್ದದ್ದು ಯಾವ ಪಕ್ಷ ಗೊತ್ತಾ? ಅದೇ ಸ್ಟೀವನ್ಸ್ ಪಕ್ಷ.